ವಿಡಿಯೋ ಗೇಮ್‌ಗೆ ಕಥೆ ಗಟ್ಟಿ ಇದ್ರೆ ಸಾಕಾ, ಎರಡನೇ ಸಲ ಆಡಿಸ್ಕೊಳ್ಳೋ ತಾಕತ್ತೂ ಬೇಕಾ? (ಸ್ಪಾಯ್ಲರ್ ಇದೆ, ನೋಡ್ಕೊಂಡು ಓದಿ)

ಕ್ಯಾತ್ಸಂದ್ರ_ಟೋಲ್, ತುಮಕೂರು

ಸೇಲ್ ಬಂದಾಗೆಲ್ಲ ಇಲ್ಲಿ ಅದೇ ಜಗಳ. ಒಬ್ರು "ಕಥೆ ನೋಡಿ ತಗೊಳ್ಳಿ" ಅಂತಾರೆ, ಇನ್ನೊಬ್ರು "17,000 ಎಂಡಿಂಗ್ ಇದೆ ಗುರು, ದುಡ್ಡು ವಸೂಲ್" ಅಂತಾರೆ. ಆ 17,000ದಿಂದಲೇ ಶುರು ಮಾಡೋಣ.

ಬಾಲ್ಡರ್ಸ್ ಗೇಟ್ 3 ಆಗಸ್ಟ್ 2023ರಲ್ಲಿ ಬರೋ ಮುಂಚೆ ಅದನ್ನ ಮಾಡಿದ ಲಾರಿಯನ್‌ನವರು ಕೊಟ್ಟ ಲೆಕ್ಕ ಅದು. ಸುಳ್ಳು ಅಂತ ಹೇಳ್ತಿಲ್ಲ. ಆದ್ರೆ ಹೌದು-ಇಲ್ಲ ಅನ್ನೋ ಥರದ 14 ಸಂಗತಿ ಇದ್ರೆ (ಇವನು ಬದುಕಿದ್ನಾ, ಅವಳು ಜೊತೇಲಿದ್ಲಾ, ಈ ಒಪ್ಪಂದ ಮುರಿದ್ಯಾ) ಗುಣಾಕಾರದಲ್ಲೇ 16,384 ಆಗೋಗುತ್ತೆ. ಹಾಗಂತ ಯಾರೂ ಕೂತು 17,000 ಬೇರೆ ಬೇರೆ ಕೊನೆ ಬರೆದಿರಲ್ಲ. ಆಡೋನ ಕಣ್ಣಿಗೆ ದೊಡ್ಡದಾಗಿ ಬೇರೆ ಅನ್ನಿಸೋದು ಬೆರಳೆಣಿಕೆಯಷ್ಟು. ಆ ಗೇಮ್ ಮತ್ತೆ ಆಡಬೇಕು ಅನ್ನಿಸೋಕೆ ಕಾರಣ ಕೊನೆಯಲ್ಲಿಲ್ಲ, ನಡುವಲ್ಲಿದೆ. ಮೊದಲ ಅಂಕದಲ್ಲಿ ಟೀಫ್ಲಿಂಗ್‌ಗಳಿರೋ ತೋಪಿನ ಮೇಲೆ ದಾಳಿ ಮಾಡಿದ್ರೆ ಜೊತೆಗಾರರಾದ ವಿಲ್ ಮತ್ತು ಕಾರ್ಲಾಕ್ ಇಬ್ರೂ ಕೈಬಿಟ್ಟು ಹೋಗ್ತಾರೆ, ಆ ಜಾಗಕ್ಕೆ ಮಿಂಥಾರಾ ಬರ್ತಾಳೆ. ಅಲ್ಲಿಂದ ಮುಂದೆ ನೂರು ಗಂಟೆ ಕ್ಯಾಂಪಿನ ಮಾತುಕತೆಯೇ ಬೇರೆ.

ನನ್ನ ವಾದ ಇಷ್ಟೇ. ಎಂಡಿಂಗ್ ಎಷ್ಟಿದೆ ಅಂತ ಎಣಿಸೋದು ಬಿಡಿ. ಎರಡನೇ ಸಲ ಆಡುವಾಗ ಅದೇ ದೃಶ್ಯ ಬೇರೆ ಅರ್ಥ ಕೊಡುತ್ತಾ ಅಂತ ನೋಡಿ. ಕೊಟ್ರೆ ಅದು ರೀಪ್ಲೇ. ಇಲ್ಲಾಂದ್ರೆ ಬರೀ ಕೂಲಿ ಕೆಲಸ.

ಚಿಂತಾಮಣಿ_ಸೇವ್‌ಫೈಲ್

ಅರ್ಧ ಒಪ್ತೀನಿ ಅಣ್ಣ. ಆದ್ರೆ ಕವಲು ಎಲ್ಲಿ ಒಡೆಯುತ್ತೆ ಅನ್ನೋದಕ್ಕಿಂತ, ಒಡೆದದ್ದು ಯಾವಾಗ ಗೊತ್ತಾಗುತ್ತೆ ಅನ್ನೋದು ಮುಖ್ಯ.

ದಿ ವಿಚರ್ 3 (2015) ತಗೊಳ್ಳಿ. ನಾಯಕನ ಸಾಕುಮಗಳು ಸಿರಿ ಬದುಕ್ತಾಳಾ ಇಲ್ವಾ ಅನ್ನೋದು ಕೊನೆಯ ಯುದ್ಧದಲ್ಲಿ ತೀರ್ಮಾನ ಆಗಲ್ಲ. ಅದಕ್ಕೂ ಎಷ್ಟೋ ಹೊತ್ತು ಮುಂಚೆ ಬರೋ ಐದು ಸಣ್ಣ ಸಂದರ್ಭಗಳಲ್ಲಿ ಆಗಿಹೋಗಿರುತ್ತೆ. ಬೇಜಾರಲ್ಲಿರೋವಾಗ ಹಿಮದುಂಡೆ ಎಸೆದು ಆಡಿಸಿದ್ರಾ, ಇಲ್ಲ ಕುಡಿಯೋಕೆ ಕೂರಿಸಿದ್ರಾ? ಚಕ್ರವರ್ತಿ ಹತ್ತಿರ ಕರ್ಕೊಂಡು ಹೋಗಿ ಇನಾಮು ಇಸ್ಕೊಂಡ್ರಾ? ಮಾಟಗಾತಿಯರ ಸಭೆಗೆ ಅವಳೊಬ್ಬಳನ್ನೇ ಬಿಟ್ರಾ? ಅವಲಾಕ್‌ನ ಪ್ರಯೋಗಶಾಲೇಲಿ ಸಿಟ್ಟು ತೀರಿಸ್ಕೋ ಅಂದ್ರಾ? ಸ್ಕ್ಯಾಲ್‌ನ ಸಮಾಧಿಗೆ ಜೊತೇಲಿ ಹೋದ್ರಾ? ಇವುಗಳಲ್ಲಿ ಮೂರಾದ್ರೂ ಸರಿ ಇದ್ರೆ ಅವಳು ಉಳೀತಾಳೆ.

"ಎಲ್ಲದ್ರಲ್ಲೂ ಗೆಲ್ಲಲೇಬೇಕು ಅಂತೇನಿಲ್ಲ, ಸಮಾಧಾನ ಮಾಡ್ಕೋ" ಅನ್ನೋ ಥರದ ಉತ್ತರ ಒಳ್ಳೆ ಅಪ್ಪನ ಮಾತಿನ ಹಾಗೇ ಕೇಳ್ಸುತ್ತೆ. ಆದ್ರೆ ಅದೇ ಮೈನಸ್. ಮಗಳನ್ನ ಕಾಪಾಡೋದಕ್ಕೂ ನಂಬೋದಕ್ಕೂ ಇರೋ ವ್ಯತ್ಯಾಸವೇ ಇಡೀ ಕಥೆ, ಅದನ್ನ ಈ ಐದು ಉತ್ತರದಲ್ಲಿ ಅಳೀತಾರೆ. ಆಯ್ಕೆಗೂ ಫಲಕ್ಕೂ ನಡುವೆ ಗಂಟೆಗಟ್ಟಲೆ ಅಂತರ ಇರೋದ್ರಿಂದ ಹಳೇ ಸೇವ್ ಲೋಡ್ ಮಾಡಿ ತಿದ್ದೋಕೂ ಮನಸ್ಸು ಬರಲ್ಲ. ಎರಡನೇ ಸಲ ಆಡುವಾಗ ಆ ಹಿಮದುಂಡೆ ದೃಶ್ಯ ತಮಾಷೆಯಾಗಿ ಕಾಣಲ್ಲ, ಅಷ್ಟೇ ಹೇಳ್ತೀನಿ.

ನ್ಯೂ ಗೇಮ್ ಪ್ಲಸ್ (ಮುಗಿಸಿದ ಆಟವನ್ನ ಗಳಿಸಿದ್ದರ ಜೊತೆಗೇ ಮೊದಲಿಂದ ಆಡೋದು) ಶುರು ಮಾಡೋರಿಗೆ: ಕಮ್ಮಿ ಅಂದ್ರೂ 30ನೇ ಲೆವೆಲ್‌ನಿಂದ ಶುರುವಾಗುತ್ತೆ. ಕತ್ತಿ, ಕವಚ ಉಳಿಯುತ್ತೆ. ಗ್ವೆಂಟ್ (ಗೇಮಿನೊಳಗಿನ ಇಸ್ಪೀಟಿನಂಥ ಆಟ) ಕಾರ್ಡು, ಪುಸ್ತಕ, ಟ್ರೋಫಿ ಉಳಿಯಲ್ಲ. ಕಾರ್ಡು ಪೂರ್ತಿ ಸೇರಿಸೋ ಆಸೆ ಇದ್ರೆ ಮೊದಲ ಸಲದಲ್ಲೇ ಮುಗಿಸ್ಕೊಳ್ಳಿ.

ಗುಬ್ಬಿ_ಕಂಪ್ನಿ

ನೀವಿಬ್ರೂ ಕವಲು ಇದ್ರೇನೇ ಮತ್ತೆ ಆಡೋಕಾಗೋದು ಅಂತ ಅಂದ್ಕೊಂಡೇ ಮಾತಾಡ್ತಿದ್ದೀರಾ. ನಮ್ಮ ಕಡೆ ಹಳ್ಳೀಲಿ ಕುರುಕ್ಷೇತ್ರ ನಾಟಕ ಹಾಕಿದ್ರೆ ದುರ್ಯೋಧನ ಸಾಯ್ತಾನೆ ಅಂತ ಯಾರಿಗೆ ಗೊತ್ತಿಲ್ಲ? ಆದ್ರೂ ಬೆಳಗಿನ ಜಾವದವರೆಗೆ ಜನ ಕೂತಿರ್ತಾರೆ, ಹಾರ್ಮೋನಿಯಂ ಮೇಷ್ಟ್ರು ಮನೆಗೆ ಹೋಗಂಗಿಲ್ಲ. ಮುಂದೇನಾಗುತ್ತೆ ಅಂತ ಕಾಯೋಕಲ್ಲ ಅವರು ಬರೋದು, ಈ ಸಲದ ಭೀಮ ಕಂದ ಹೆಂಗೆ ಎತ್ತುತಾನೆ ಅಂತ ನೋಡೋಕೆ.

ದಿ ಲಾಸ್ಟ್ ಆಫ್ ಅಸ್ (2013) ಪೂರ್ತಿ ನೇರ ದಾರಿ. ಒಂದು ಕವಲೂ ಇಲ್ಲ. ಕೊನೆಗೆ ಆಸ್ಪತ್ರೆಯಲ್ಲಿ ನಾಯಕ ಜೋಯೆಲ್ ಏನು ಮಾಡ್ತಾನೋ ಅದನ್ನ ನಿಮ್ಮ ಕೈಯಿಂದಲೇ ಮಾಡಿಸ್ತಾರೆ, ಬೇಡ ಅನ್ನೋ ಬಟನ್ ಕೊಡಲ್ಲ. ಅಲ್ಲಿ ಆಯ್ಕೆ ಕೊಟ್ಟಿದ್ರೆ ಕಥೆ ಸತ್ತೇ ಹೋಗ್ತಿತ್ತು. ಗೊತ್ತಿದ್ದು ಆಡಿದಾಗ ಅವನು ಹೇಳೋ ಕೊನೆಯ ಸುಳ್ಳಿಗೆ ಮೊದಲ ದೃಶ್ಯದಿಂದಲೇ ತಯಾರಿ ನಡೆದಿರೋದು ಕಾಣುತ್ತೆ. ಇದಕ್ಕಿಂತ ರೀಪ್ಲೇ ಬೇಕಾ?

ಮಾಲೂರು_ಹೆಂಚು

ಸಾರ್, ಉದಾಹರಣೆ ಚೆನ್ನಾಗಿದೆ, ಆದ್ರೆ ನಿಮಗೇ ತಿರುಗುಬಾಣ. ನಾಟಕದಲ್ಲಿ ಪ್ರತಿ ರಾತ್ರಿ ಪಾತ್ರಧಾರಿ ಬೇರೆ, ರಾಗ ಬೇರೆ. ಗೇಮಲ್ಲಿ ಧ್ವನಿ ಒಂದೇ ರೆಕಾರ್ಡಿಂಗ್, ಅದೇ ಉಸಿರು, ಅದೇ ಕೆಮ್ಮು. ಬದಲಾಗೋಕೆ ಅಲ್ಲಿರೋದು ಆಡೋನ ಕೈ ಒಂದೇ. ಆ ಕೈಗೆ ಏನೂ ಬಿಟ್ಟುಕೊಡದ ಗೇಮ್‌ಗೆ ಎರಡನೇ ಸಲ ಅನ್ನೋದು ಇಲ್ಲ.

ರೆಡ್ ಡೆಡ್ ರಿಡೆಂಪ್ಷನ್ 2 (2018) ನೋಡಿ. ಊರು, ಕಾಡು ಎಲ್ಲ ಮನಸ್ಸಿಗೆ ಬಂದಂಗೆ ಓಡಾಡ್ಕೊಳ್ಳಿ ಅಂತಾರೆ, ಮಿಷನ್ ಶುರುವಾದ ತಕ್ಷಣ ಹತ್ತು ಹೆಜ್ಜೆ ಪಕ್ಕಕ್ಕೆ ಹೋದ್ರೂ ಫೇಲ್. ನಾಯಕ ಆರ್ಥರ್‌ನ ಕೊನೆ ನಾಲ್ಕು ಥರ ಇದೆ ನಿಜ: ಮರ್ಯಾದೆಯ ಮಟ್ಟ ಮೇಲಿದ್ಯಾ ಕೆಳಗಿದ್ಯಾ, ಜಾನ್ ಜೊತೆ ಹೋದ್ರಾ ದುಡ್ಡಿಗೆ ವಾಪಸ್ ಹೋದ್ರಾ. ಆದ್ರೆ ಆ ಹತ್ತು ನಿಮಿಷದ ವ್ಯತ್ಯಾಸ ನೋಡೋಕೆ ಮತ್ತೆ ಐವತ್ತು ಗಂಟೆ ಕುದುರೆ ಓಡಿಸ್ಬೇಕು.

ಕ್ಯಾತ್ಸಂದ್ರ_ಟೋಲ್, ತುಮಕೂರು

@ಗುಬ್ಬಿ_ಕಂಪ್ನಿ ಕಂದದ ಮಾತು ಒಪ್ಪಿದೆ, ಆದ್ರೆ ಹೆಂಚು ಹೇಳಿದ್ದೂ ಸರಿ. ಗೇಮಲ್ಲಿ ಕಂದ ಹಾಡಬೇಕಾದೋರು ನಾವೇ.

ಶಿಡ್ಲಘಟ್ಟ_ಗೂಡು

ಇಷ್ಟೊತ್ತಾದ್ರೂ ಯಾರೂ ಡಿಸ್ಕೋ ಎಲಿಸಿಯಂ (2019) ಹೆಸರು ಎತ್ತಿಲ್ಲ ಅಂದ್ರೆ ಆಶ್ಚರ್ಯ. ಈ ಜಗಳಕ್ಕೆ ಉತ್ತರ ಅಲ್ಲೇ ಇದೆ.

ಕೊಲೆ ಒಂದೇ. ಕೊಲೆಗಾರನೂ ಪ್ರತಿ ಸಲ ಒಬ್ಬನೇ. ಹೊಡೆದಾಟದ ಬಟನ್ನೇ ಇಲ್ಲ. ಕವಲಿನ ಲೆಕ್ಕದಲ್ಲಿ ನೋಡಿದ್ರೆ ಬಡ ಗೇಮ್ ಅದು. ಆದ್ರೂ ಎರಡನೇ ಸಲ ಬೇರೆಯದೇ ಗೇಮ್ ಆಡಿದ ಹಾಗಿರುತ್ತೆ, ಯಾಕಂದ್ರೆ ಬದಲಾಗೋದು ಘಟನೆ ಅಲ್ಲ, ಘಟನೆ ನೋಡೋ ತಲೆ. ನಾಲ್ಕು ಗುಣ: ಬುದ್ಧಿ, ಮನಸ್ಸು, ಮೈಬಲ, ಕೈಚಳಕ. ಒಂದೊಂದರ ಕೆಳಗೆ ಆರು ಕೌಶಲ, ಒಟ್ಟು 24. ಈ 24 ಕೂಡ ಪತ್ತೇದಾರನ ತಲೆಯೊಳಗೆ ಮಾತಾಡೋ ದನಿಗಳು. ಯಾವುದಕ್ಕೆ ಪಾಯಿಂಟ್ ಹಾಕಿದ್ರೋ ಅದು ಬಾಯಿ ಮುಚ್ಚಲ್ಲ. ಹಾಕದೇ ಇರೋದು ಬಾಯೇ ಬಿಡಲ್ಲ. ಎನ್‌ಸೈಕ್ಲೋಪೀಡಿಯಾ ಕಮ್ಮಿ ಇಟ್ಕೊಂಡ್ರೆ ಊರಿನ ಇತಿಹಾಸ ನಿಮಗೆ ಯಾರೂ ಹೇಳಲ್ಲ. ಇನ್‌ಲ್ಯಾಂಡ್ ಎಂಪೈರ್ ಜಾಸ್ತಿ ಇದ್ರೆ ಕೊರಳಲ್ಲಿರೋ ಟೈ ಕೂಡ ಸಲಹೆ ಕೊಡೋಕೆ ಶುರು ಮಾಡುತ್ತೆ.

ಶುರುವಲ್ಲಿ ಹಂಚೋಕೆ ಸಿಗೋದು ಎಂಟು ಪಾಯಿಂಟ್. ಎಲ್ಲಾ ಗುಣಕ್ಕೂ ಸಮ ಹಂಚಬೇಡಿ, ಇಲ್ಲಿ ಎಲ್ಲರೂ ಮಾಡೋ ತಪ್ಪು ಅದೇ. ಎಲ್ಲಾ ದನಿಯೂ ಅರೆಬರೆ ಕೇಳಿ ಯಾವುದೂ ಗಟ್ಟಿಯಾಗಿ ನಿಲ್ಲಲ್ಲ. ಮೊದಲ ಸಲ ಮನಸ್ಸಿಗೆ ಜಾಸ್ತಿ, ಎರಡನೇ ಸಲ ಬುದ್ಧಿಗೆ ಅಥವಾ ಮೈಬಲಕ್ಕೆ ಜಾಸ್ತಿ ಇಟ್ಟು ನೋಡಿ.

ದಾಳದ ವಿಷಯ. ಎರಡು ದಾಳ, ಆರು ಮುಖದ್ದು. ಎರಡೂ 6 ಬಿದ್ರೆ ಖಾಯಂ ಗೆಲುವು, ಎರಡೂ 1 ಬಿದ್ರೆ ಖಾಯಂ ಸೋಲು. ಅದಕ್ಕೇ ತೆರೆ ಮೇಲೆ 97%ಕ್ಕಿಂತ ಮೇಲೆ, 3%ಕ್ಕಿಂತ ಕೆಳಗೆ ತೋರಿಸಲ್ಲ (36ರಲ್ಲಿ ಒಂದು ಭಾಗ ಅಂದ್ರೆ 2.8). ದಾಳ ಹಾಕಿ ನೋಡೋ ಪರೀಕ್ಷೆಗೆ ಚೆಕ್ ಅಂತಾರೆ. ಬಿಳಿ ಚೆಕ್ ಸೋತ್ರೆ ಆ ಕೌಶಲಕ್ಕೆ ಒಂದು ಪಾಯಿಂಟ್ ಹಾಕಿ ಮತ್ತೆ ತೆರೀಬಹುದು. ಕೆಂಪು ಚೆಕ್ ಒಂದೇ ಸಲ. ಕೆಂಪು ಸೋತ ತಕ್ಷಣ ಲೋಡ್ ಮಾಡೋ ಅಭ್ಯಾಸ ಇದ್ದೋರು ಆ ಗೇಮಿನ ಅರ್ಧ ರುಚಿ ಕಳ್ಕೊಂಡಂಗೆ. ಸೋಲಿಗೂ ಗೆಲುವಿನಷ್ಟೇ ಕಷ್ಟಪಟ್ಟು ಬರೆದಿದ್ದಾರೆ, ಎಷ್ಟೋ ಕಡೆ ಸೋಲಿನ ಸಂಭಾಷಣೆಯೇ ಮೇಲು.

ಮಾರ್ಚ್ 2021ರ ಫೈನಲ್ ಕಟ್ ಆವೃತ್ತೀಲಿ ಪೂರ್ತಿ ಧ್ವನಿ ಬಂತು, ಜೊತೆಗೆ ರಾಜಕೀಯ ಸಿದ್ಧಾಂತಕ್ಕೆ ತಕ್ಕ ನಾಲ್ಕು ಹೊಸ ಕ್ವೆಸ್ಟ್. ಒಂದು ಸಲದ ಆಟದಲ್ಲಿ ಒಂದೇ ಸಿಗೋದು. ಅದು ಮಾತ್ರ ನೇರವಾಗಿ "ಇನ್ನೊಂದ್ಸಲ ಆಡಿ" ಅಂತ ಇಟ್ಟಿರೋದು.

ಮಾಲೂರು_ಹೆಂಚು

ಗೂಡು ಅಕ್ಕ, ಹತ್ತು ಲಕ್ಷಕ್ಕೂ ಮೇಲೆ ಪದ ಇದೆ ಅದರಲ್ಲಿ. ಅಷ್ಟು ಇಂಗ್ಲಿಷ್ ಎರಡು ಸಲ ಓದೋರು ನೀವೇ ಇರ್ಬೇಕು 😄

ಶಿಡ್ಲಘಟ್ಟ_ಗೂಡು

ಒಂದೇ ಸಲಕ್ಕೆ ಅಷ್ಟೂ ಕಣ್ಣಿಗೆ ಬೀಳಲ್ಲಪ್ಪ, ಬೀಳದೇ ಇರೋದೇ ವಿಷಯ.

ರಾಬರ್ಟ್‌ಸನ್‌ಪೇಟೆ_ಶಿಫ್ಟ್, ಕೆಜಿಎಫ್

ಕವಲೂ ಇರಬೇಕು, ಅದು ಕಥೆಗೆ ಅಂಟ್ಕೊಂಡೂ ಇರಬೇಕು ಅಂದ್ರೆ ಮಾಸ್ ಎಫೆಕ್ಟ್ 2ರ (2010) ಕೊನೆಯ ಮಿಷನ್‌ಗೆ ಇನ್ನೂ ಸರಿಸಾಟಿ ಇಲ್ಲ. ಹಡಗು, ಜನ, ನಿಮ್ಮ ತೀರ್ಮಾನ ಮೂರೂ ಅಲ್ಲಿ ಲೆಕ್ಕಕ್ಕೆ ಬರುತ್ತೆ. ಲೆಜೆಂಡರಿ ಎಡಿಷನ್ (2021) ಆಡ್ತಿರೋರು ಇಷ್ಟು ತಲೇಲಿಟ್ಕೊಳ್ಳಿ.

ಹಡಗಿಗೆ ಕವಚ, ಶೀಲ್ಡು, ಥಾನಿಕ್ಸ್ ಫಿರಂಗಿ ಮೂರೂ ಹಾಕಿಸಿ. ಒಂದು ಬಿಟ್ರೆ ಒಬ್ಬರು ಹೋದ್ರು ಅಂತಲೇ, ದಾರಿಯಲ್ಲೇ. ಪೈಪಿನೊಳಗೆ ಹೋಗೋಕೆ ಟಾಲಿ, ಲೀಜಿಯನ್ ಇಲ್ಲ ಕಸುಮಿ. ತಂಡ ನಡೆಸೋಕೆ ಗ್ಯಾರಸ್, ಜೇಕಬ್ ಇಲ್ಲ ಮಿರಾಂಡಾ. ಬಯೋಟಿಕ್ ಗುಳ್ಳೆಗೆ (ಮನೋಶಕ್ತಿಯಿಂದ ತಂಡ ಕಾಯೋ ಗುಳ್ಳೆ) ಜ್ಯಾಕ್ ಇಲ್ಲ ಸಮಾರಾ. ಮಿರಾಂಡಾ ತಾನೇ ಮಾಡ್ತೀನಿ ಅಂತಾಳೆ, ನಂಬಬೇಡಿ. ಸಿಬ್ಬಂದಿಯನ್ನ ವಾಪಸ್ ಕರ್ಕೊಂಡು ಹೋಗೋಕೆ ಮೊರ್ಡಿನ್‌ನ ಕಳಿಸಿ, ಅವನ ಲಾಯಲ್ಟಿ ಮಿಷನ್ (ನಿಷ್ಠೆ ಗಳಿಸೋ ಮಿಷನ್) ಮುಗಿದಿದ್ರೆ. ಯಾಕೆ ಅಂದ್ರೆ ಕೊನೆಗೆ ಬಾಗಿಲು ಕಾಯೋರ ಬಲದ ಸರಾಸರಿ ತೆಗೀತಾರೆ, ಮೊರ್ಡಿನ್ ಅಲ್ಲಿ ನಿಂತ್ರೆ ಸರಾಸರಿ ಇಳಿಯುತ್ತೆ. ಗ್ರಂಟ್, ಜ಼ಯೀದ್ ಥರದ ದಾಂಡಿಗರನ್ನ ಜೊತೆ ಕರ್ಕೊಂಡು ಹೋಗದೆ ಬಾಗಿಲಲ್ಲೇ ಬಿಡಿ.

ಇನ್ನೊಂದು. ಸಿಬ್ಬಂದಿ ಅಪಹರಣ ಆದ ತಕ್ಷಣ ಹೊರಟ್ರೆ ಎಲ್ಲರೂ ಸಿಗ್ತಾರೆ. ನಡುವೆ ಒಂದರಿಂದ ಮೂರು ಮಿಷನ್ ಮಾಡಿದ್ರೆ ಅರ್ಧ ಜನ ಹೋದ್ರು. ಅದಕ್ಕಿಂತ ಜಾಸ್ತಿ ಮಾಡಿದ್ರೆ ಡಾಕ್ಟರ್ ಚಾಕ್ವಾಸ್ ಒಬ್ಬರೇ ಉಳಿಯೋದು. "ಬೇಗ ಬನ್ನಿ" ಅಂತ ಗೇಮ್ ಹೇಳಿದಾಗ ನಿಜವಾಗ್ಲೂ ಬೇಗ ಹೋಗ್ಬೇಕಾದ ಅಪರೂಪದ ಗೇಮ್. ಮಿಕ್ಕ ಕಡೆ ಊರು ಹೊತ್ತಿ ಉರೀತಿದ್ರೂ ನಾವು ಮೀನು ಹಿಡೀಬಹುದು.

3ನೇ ಭಾಗದ (2012) ಕೊನೆ ಬಗ್ಗೆ ಇಲ್ಲಿ ಶುರು ಮಾಡಬೇಡಿ ದಯವಿಟ್ಟು. ಜನರ ಗಲಾಟೆಗೆ ಅದೇ ವರ್ಷ ಜೂನಲ್ಲಿ ಎಕ್ಸ್‌ಟೆಂಡೆಡ್ ಕಟ್ ಬಿಟ್ಟಿ ಕೊಟ್ರು, ಅಲ್ಲಿಗೆ ಬಿಡೋಣ.

ಮಧುಗಿರಿ_ಏಕಶಿಲೆ

ನಿಯರ್ ಆಟೊಮೇಟಾ (2017) ಆಡೋರಿಗೆ ಒಂದು ಎಚ್ಚರಿಕೆ, ಆಮೇಲೆ ವಾದ.

ಎಚ್ಚರಿಕೆ: ಆ ಗೇಮಲ್ಲಿ ಆಟೋಸೇವ್ ಇಲ್ಲ. ಶುರುವಿನ ಕಾರ್ಖಾನೆ ಭಾಗ ಅರ್ಧ ಗಂಟೆ ಮೇಲಿದೆ, ಅದು ಮುಗಿಯೋವರೆಗೆ ಸೇವ್ ಮಾಡೋಕೆ ಜಾಗವೇ ಇಲ್ಲ. ಸತ್ರೆ ಮೊದಲಿಂದ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಲ್ಲಿ, ಸಂಜೆ ಮೋಡ ಕವಿದಿರೋವಾಗ ಶುರು ಮಾಡಬೇಡಿ. ಡಿಫಿಕಲ್ಟಿ ಹಾರ್ಡ್ ಬೇಕಿದ್ರೂ ಆ ಭಾಗ ನಾರ್ಮಲ್‌ನಲ್ಲಿ ದಾಟಿ, ಆಮೇಲೆ ಬದಲಾಯಿಸ್ಕೊಳ್ಳಿ.

ವಾದ: ಇಲ್ಲಿ ಎ ಇಂದ ಜ಼ೆಡ್‌ವರೆಗೆ 26 ಎಂಡಿಂಗ್. ಅದರಲ್ಲಿ ಐದೇ ನಿಜವಾದವು, ಮಿಕ್ಕಿದ್ದು ಚೇಷ್ಟೆ. ಮೊದಲ ಸಲ ಕ್ರೆಡಿಟ್ಸ್ ಬಂದಾಗ ಗೇಮ್ ಮುಗೀತು ಅಂತ ಅನ್‌ಇನ್‌ಸ್ಟಾಲ್ ಮಾಡೋರು ಬಹಳ. ಮುಗಿದಿರಲ್ಲ. ಬಿ ದಾರೀಲಿ ಅದೇ ಕಥೆ ಜೊತೆಗಾರ 9ಎಸ್ ಕಣ್ಣಲ್ಲಿ ನಡೆಯುತ್ತೆ, ಇಲ್ಲೇ ಜನ ಬೇಜಾರಾಗಿ ಬಿಡೋದು, ಯಾಕಂದ್ರೆ ನಕ್ಷೆ ಅದೇ, ಬಾಸ್‌ಗಳೂ ಅವೇ. ಆದ್ರೆ ಅವನು ಹ್ಯಾಕ್ ಮಾಡಬಲ್ಲ, ಯಂತ್ರಗಳ ತಲೆಯೊಳಗೆ ಏನಿತ್ತು ಅನ್ನೋದು ಅವನಿಗೆ ಕಾಣುತ್ತೆ. ಮೊದಲ ಸಲ ಕೊಂದು ಮುಂದೆ ಹೋದ ಬಾಸ್‌ಗೂ ಒಂದು ಕಥೆ ಇತ್ತು ಅಂತ ಗೊತ್ತಾಗೋದು ಆಗ. ಸಿ, ಡಿ ಮುಗಿದ ಮೇಲೆ ಚಾಪ್ಟರ್ ಸೆಲೆಕ್ಟ್ ತೆರೆಯುತ್ತೆ, ಬಾಕಿ ಕ್ವೆಸ್ಟ್ ಆಮೇಲೆ ಮಾಡಬಹುದು, ಬಿ ದಾರೀಲಿ ಎಲ್ಲಾ ಮುಗಿಸೋ ಹಠ ಬೇಡ. ಇ ಎಂಡಿಂಗ್‌ನಲ್ಲಿ ನಿಮ್ಮ ಸೇವ್ ಅಳಿಸಲಾ ಅಂತ ಕೇಳುತ್ತೆ, ಹೌದು ಅಂದ್ರೆ ನಿಜವಾಗ್ಲೂ ಅಳಿಸುತ್ತೆ. ಯಾಕೆ ಅಂತ ಹೇಳಲ್ಲ.

ಶ್ರೀನಿವಾಸಪುರ_ಮಲ್ಲಿಕಾ

ಒಂದು ಡೌಟು. ಡೆಟ್ರಾಯ್ಟ್: ಬಿಕಮ್ ಹ್ಯೂಮನ್ ಮುಗಿಸಿದ ಮೇಲೆ ಹಳೇ ಅಧ್ಯಾಯ ಮತ್ತೆ ಆಡಿದ್ರೆ ಮೊದಲಿನ ಸೇವ್ ಹಾಳಾಗುತ್ತಾ?

ಚಿಂತಾಮಣಿ_ಸೇವ್‌ಫೈಲ್

ಹಾಳಾಗೋದು ಬಿಡೋದು ನೀವು ಒತ್ತೋ ಆಯ್ಕೆ ಮೇಲಿದೆ. ಅಧ್ಯಾಯದ ಪಟ್ಟಿಯಿಂದ ಚೆಕ್‌ಪಾಯಿಂಟ್ ಆರಿಸಿದಾಗ ಪ್ರಗತಿ ಸೇವ್ ಮಾಡಲಾ ಬೇಡ್ವಾ ಅಂತ ಕೇಳುತ್ತೆ. ಸುಮ್ಮನೆ ಇನ್ನೊಂದು ಕವಲು ನೋಡೋಕೆ ಅಂದ್ರೆ ಸೇವ್ ಬೇಡ ಅನ್ನಿ. ಅದರ ಫಲ ಮುಂದಿನ ಅಧ್ಯಾಯದಲ್ಲೂ ಕಾಣಬೇಕು ಅಂದ್ರೆ ಸೇವ್ ಅನ್ನಿ, ಆದ್ರೆ ಅಲ್ಲಿಂದ ಮುಂದಿನ ಅಧ್ಯಾಯಗಳನ್ನ ಸಾಲಾಗಿ ಆಡ್ಕೊಂಡು ಬರ್ಬೇಕು, ನಡುವೆ ಹಾರಿದ್ರೆ ಹಳೇ ಲೆಕ್ಕದ್ದೇ ಬರುತ್ತೆ. ಇನ್ನೂ ಒಂದು ಸಲವೂ ಮುಗಿಸದೇ ಇರೋರು ಪ್ರತಿ ಅಧ್ಯಾಯದ ಕೊನೆಗೆ ಬರೋ ಫ್ಲೋಚಾರ್ಟ್ ತುಂಬಾ ಹೊತ್ತು ನೋಡಬೇಡಿ. ಬೀಗ ಹಾಕಿರೋ ಡಬ್ಬಗಳ ಆಕಾರ ನೋಡಿದ್ರೇ ಮುಂದೆ ಎಷ್ಟು ಕವಲಿದೆ ಅಂತ ಊಹೆ ಸಿಕ್ಕಿಬಿಡುತ್ತೆ.

ಮಾಲೂರು_ಹೆಂಚು

ಆ ಫ್ಲೋಚಾರ್ಟೇ ನನಗೆ ಆಗಲ್ಲ. ಬೇರೆಯವರು ಎಷ್ಟು ಪರ್ಸೆಂಟ್ ಏನು ಆರಿಸಿದ್ರು ಅಂತಾನೂ ತೋರಿಸ್ತಾರೆ. ಕಥೆ ಓದ್ತಿದ್ದೀನಾ, ಚುನಾವಣಾ ಫಲಿತಾಂಶ ನೋಡ್ತಿದ್ದೀನಾ? ಮೇಲಿಂದ ಎರಡನೇ ಸಲ ಆಡುವಾಗ ಸಿನಿಮಾ ಭಾಗ ಸ್ಕಿಪ್ ಮಾಡೋಕೂ ಬಿಡಲ್ಲ. ಮತ್ತೆ ಆಡಿ ಅಂತ ಕರೆದು ಕೈ ಕಟ್ಟಿ ಕೂರಿಸೋದು ಇದು. ಕೊನರ್‌ನ ಮೊದಲ ಅಧ್ಯಾಯ, ಒತ್ತೆಯಾಳಿನದ್ದು, ಅದೊಂದು ಚಿನ್ನ. ಸಾಕ್ಷ್ಯ ಹುಡುಕಿದಷ್ಟೂ ಗೆಲ್ಲೋ ಸಂಭವ ಏರುತ್ತೆ, ಹುಡುಕ್ತಾ ಕೂತ್ರೆ ಹೊತ್ತು ಹೋಗುತ್ತೆ. ಇಡೀ ಗೇಮ್ ಹಾಗೇ ಇದ್ದಿದ್ರೆ ನಾನು ಬಾಯಿ ಮುಚ್ಕೊಂಡಿರ್ತಿದ್ದೆ.

ಗುಬ್ಬಿ_ಕಂಪ್ನಿ

ಆಯ್ಕೆ ಅಂತ ತೋರಿಸಿ ಒಂದೇ ದಾರಿಗೆ ತರೋರ ಬಗ್ಗೆ ಯಾರೂ ಮಾತಾಡ್ತಿಲ್ಲ. ಸೈಬರ್‌ಪಂಕ್ 2077 (ಡಿಸೆಂಬರ್ 2020) ಮೂರು ಜೀವನದಾರಿ ಅಂತ ಡಂಗುರ ಹೊಡೀತು: ಅಲೆಮಾರಿ, ಬೀದಿ ಹುಡುಗ, ಕಾರ್ಪೊರೇಟ್. ಅರ್ಧ ಗಂಟೆಯ ಪ್ರವೇಶ ಮುಗಿದ ಮೇಲೆ ಮೂರೂ ಒಂದೇ ರಸ್ತೆ, ಅಲ್ಲಲ್ಲಿ ಒಂದೆರಡು ಹೆಚ್ಚುವರಿ ಮಾತು ಅಷ್ಟೇ. ಅದಕ್ಕೋಸ್ಕರ ಮೂರು ಸಲ ಆಡಬೇಡಿ, ಟೈಮ್ ದಂಡ. ಕೊನೆಗಳನ್ನ ನೋಡೋಕೂ ಮೊದಲಿಂದ ಬರ್ಬೇಕಿಲ್ಲ. ಎಂಬರ್ಸ್ ಅನ್ನೋ ಹೋಟೆಲ್ ಬಾಗಿಲಿಗೆ ಹೋಗೋ ಮುಂಚೆ, ನಾಕ್ಟರ್ನ್ ಅನ್ನೋ ಮಿಷನ್ ಹಿಡಿದಾಗ, ಒಂದು ಸೇವ್ ಬೇರೆ ಇಟ್ಕೊಳ್ಳಿ. ಪಾನಾಮ್, ಜಾನಿ ಇಬ್ಬರ ಸೈಡ್ ಕ್ವೆಸ್ಟ್ ಪೂರ್ತಿ ಮುಗಿದಿದ್ರೆ ಆ ಒಂದೇ ಸೇವ್‌ನಿಂದ ಮೂಲ ಗೇಮಿನ ಎಲ್ಲ ಕೊನೆಗೂ ಹೋಗಬಹುದು. ಗುಟ್ಟಿನ ಕೊನೆ ಬೇಕಾದ್ರೆ ಮಹಡಿ ಮೇಲೆ ಜಾನಿ ಜೊತೆ ಮಾತಾಡುವಾಗ ಏನೂ ಒತ್ತದೆ ಸುಮಾರು ಐದು ನಿಮಿಷ ಸುಮ್ಮನೆ ಕೂತ್ಕೊಳ್ಳಿ.

ಶಿಡ್ಲಘಟ್ಟ_ಗೂಡು

ಒಂದೇ ದಾರಿಗೆ ಬಂದ್ರೆ ಮೋಸ ಅನ್ನೋದನ್ನ ನಾನು ಒಪ್ಪಲ್ಲ. ಟೆಲ್‌ಟೇಲ್‌ನವರ ದಿ ವಾಕಿಂಗ್ ಡೆಡ್ (2012) ಮೊದಲ ಕಂತಿನಲ್ಲಿ ಡಗ್‌ನ ಉಳಿಸ್ತೀರಾ ಕಾರ್ಲಿನ ಉಳಿಸ್ತೀರಾ ಅಂತ ಕೇಳ್ತಾರೆ. ಯಾರನ್ನ ಉಳಿಸಿದ್ರೂ ಮೂರನೇ ಕಂತಿನಲ್ಲಿ ಅವರೂ ಸಾಯ್ತಾರೆ. ಜನ ಇದನ್ನ ಬೈತಾರೆ. ಆದ್ರೆ ಆ ಕಥೆ ಬದುಕಿ ಉಳಿಯೋದರ ಬಗ್ಗೆ ಅಲ್ಲ, ಕ್ಲೆಮೆಂಟೈನ್ ಅನ್ನೋ ಮಗು ನಿಮ್ಮನ್ನ ನೋಡಿ ಏನು ಕಲೀತು ಅನ್ನೋದರ ಬಗ್ಗೆ. ಒಂದ್ಸಲ ಆಡೋಕೆ ಅದು ಪರಮ ಶ್ರೇಷ್ಠ. ಎರಡನೇ ಸಲ ಆಡಿದ್ರೆ ಹಗ್ಗ, ಗಾಲಿ ಎಲ್ಲ ಕಾಣುತ್ತೆ. ಹಾಗಾಗಿ ಎರಡನೇ ಸಲ ಆಡಬೇಡಿ, ಅದರಲ್ಲೇನು ನಷ್ಟ?

ಔಟರ್ ವೈಲ್ಡ್ಸ್ (2019) ಅಂತೂ ಎರಡನೇ ಸಲ ಆಡೋಕೇ ಆಗಲ್ಲ. 22 ನಿಮಿಷಕ್ಕೊಮ್ಮೆ ಸೂರ್ಯ ಸಿಡೀತಾನೆ, ಮತ್ತೆ ಮೊದಲಿಂದ. ಬಂದೂಕಿಲ್ಲ, ಲೆವೆಲ್ ಇಲ್ಲ, ನಿಮ್ಮ ಜೊತೆ ಮುಂದಕ್ಕೆ ಬರೋದು ತಿಳಿದ ವಿಷಯ ಒಂದೇ. ಎಲ್ಲಾ ತಿಳಿದವರಿಗೆ ಶುರುವಿನಿಂದ ಕೊನೆಗೆ ಹೋಗೋಕೆ ಒಂದು ಸುತ್ತು ಸಾಕು. ಒಬ್ರಾ ಡಿನ್ (2018) ಹಡಗಿನ 60 ಜನರ ಗತಿಯೂ ಅಷ್ಟೇ. ಮೂರು ಮೂರು ಸರಿಯಾದಾಗ ಮಾತ್ರ ಖಾತ್ರಿ ಮಾಡ್ತಾರೆ, ಊಹೆ ಹೊಡೆದು ಪಾಸಾಗಬಾರದು ಅಂತ. ಇವೆರಡಕ್ಕೂ ರೀಪ್ಲೇ ಸೊನ್ನೆ, ಕಥೆ ಹೇಳೋ ರೀತಿ ಮಾತ್ರ ಇಲ್ಲಿ ಹೆಸರಿಸಿದ ಎಲ್ಲಕ್ಕಿಂತ ಮೇಲು.

ಕ್ಯಾತ್ಸಂದ್ರ_ಟೋಲ್, ತುಮಕೂರು

ಗೂಡು ಅವರೇ, ಹಾಗಾದ್ರೆ ನಾನು ಕೇಳಿದ್ದಕ್ಕೆ ನಿಮ್ಮ ಉತ್ತರ "ಮತ್ತೆ ಆಡೋದು ಬೇಡ" ಅಂತ. ಡಿಸ್ಕೋ ಬಗ್ಗೆ ಬರೆದಿದ್ದಕ್ಕೆ ಇದು ಉಲ್ಟಾ ಅಲ್ವಾ?

ಶಿಡ್ಲಘಟ್ಟ_ಗೂಡು

ಉಲ್ಟಾ ಅಲ್ಲ ಸಾರ್. ಬೇಕಾದ ಕಡೆ ಇರಲಿ, ಅದನ್ನೇ ಮೊಳಕೋಲು ಮಾಡಿ ಎಲ್ಲ ಗೇಮೂ ಅಳೀಬೇಡಿ ಅಂದೆ.

ರಾಬರ್ಟ್‌ಸನ್‌ಪೇಟೆ_ಶಿಫ್ಟ್, ಕೆಜಿಎಫ್

ಇದೇ ಜಾಗಕ್ಕೆ ಹೇಡಿಸ್ (2020) ಬರಬೇಕು. ಸಾಯೋದೇ ಕಥೆ ಮುಂದುವರಿಸೋ ಬಟನ್. ಸತ್ತು ಮನೆಗೆ ವಾಪಸ್ ಬಂದಾಗೆಲ್ಲ ಎಲ್ಲರ ಹತ್ರ ಹೊಸ ಮಾತಿರುತ್ತೆ, ಧ್ವನಿ ಕೊಟ್ಟ ಸಾಲೇ 20,000ಕ್ಕೂ ಮೇಲಿದೆ. ಮುಖ್ಯ ಕಥೆ ಮುಗಿಯೋಕೆ 10 ಸಲ ಪಾತಾಳದಿಂದ ತಪ್ಪಿಸ್ಕೊಂಡು ಹೋಗ್ಬೇಕು. ಕೈ ಅಷ್ಟು ಓಡದೇ ಇರೋರು ಗಾಡ್ ಮೋಡ್ ಹಾಕ್ಕೊಳ್ಳಿ: ಏಟಿನ ಪೆಟ್ಟು 20% ಕಮ್ಮಿ ಆಗುತ್ತೆ, ಪ್ರತಿ ಸಾವಿಗೂ 2% ಸೇರಿ 80%ವರೆಗೆ ಹೋಗುತ್ತೆ. ಕಥೆಯಲ್ಲಿ ಏನೂ ಕಡಿಮೆ ಆಗಲ್ಲ, ನಾಚಿಕೆಯೂ ಬೇಡ.

ಮಧುಗಿರಿ_ಏಕಶಿಲೆ

ಬಾಲ್ಡರ್ಸ್ ಗೇಟ್ ತಗೊಳ್ಳೋರಿಗೆ ನಾಲ್ಕು ಮಾತು, ಟೋಲ್ ಅಣ್ಣ ಬಿಟ್ಟಿದ್ದು.

150 ಜಿಬಿ ಜಾಗ, ಎಸ್‌ಎಸ್‌ಡಿ ಕಡ್ಡಾಯ. 40 ಎಂಬಿಪಿಎಸ್ ಲೈನಲ್ಲಿ ಡೌನ್‌ಲೋಡ್‌ಗೆ ಎಂಟು ಗಂಟೆ ಮೇಲೆ, ರಾತ್ರಿ ಹಾಕಿ ಮಲಗಿ. ಆಟದಲ್ಲಿ ಎಲ್ಲರೂ ಎಡವೋದು ಲಾಂಗ್ ರೆಸ್ಟ್ (ಕ್ಯಾಂಪಲ್ಲಿ ರಾತ್ರಿ ಮಲಗೋದು) ವಿಷಯದಲ್ಲಿ. ಕೆಲವರು ಮಲಗೋದೇ ಇಲ್ಲ, ಮಲಗದೇ ಇದ್ರೆ ಕ್ಯಾಂಪಿನ ದೃಶ್ಯಗಳು ಸಾಲಲ್ಲಿ ಕಾಯ್ತಾ ನಿಂತು ಕೊನೆಗೆ ತಪ್ಪಿಯೇ ಹೋಗುತ್ತೆ. ಜೊತೆಗಾರರ ಕಥೆ ಅರ್ಧಕ್ಕೆ ನಿಲ್ಲೋಕೆ ಇದೇ ಕಾರಣ, ಬರವಣಿಗೆ ಕೆಟ್ಟದ್ದು ಅಂತಲ್ಲ. ಇನ್ನು ಕೆಲವರು ಎಲ್ಲೆಂದ್ರಲ್ಲಿ ಮಲಗ್ತಾರೆ. ವಾಕೀನ್ಸ್ ರೆಸ್ಟ್‌ನಲ್ಲಿ ಉರೀತಿರೋ ಛತ್ರ ಕಣ್ಣಿಗೆ ಬಿದ್ದ ಮೇಲೆ ಮಲಗಿದ್ರೆ ಒಳಗಿರೋರು ಮುಗಿದ್ರು. ಗ್ರಿಮ್‌ಫೋರ್ಜ್‌ನಲ್ಲಿ ಕಲ್ಲಿನ ಹಿಂದೆ ಸಿಕ್ಕಿರೋ ನೀರ್ ಅನ್ನೋ ಪಾತ್ರಕ್ಕೆ ಎರಡು ಲಾಂಗ್ ರೆಸ್ಟ್ ಗಡುವು, ವಿಷದ ಗಾಳಿ. ಇಂಥ ತುರ್ತು ಇರೋ ಜಾಗ ಮುಗಿಸಿ ಮಲಗಿ, ಮಿಕ್ಕ ಕಡೆ ಧಾರಾಳವಾಗಿ ಮಲಗಿ.

ಎರಡನೇ ಸಲಕ್ಕೆ ಡಾರ್ಕ್ ಅರ್ಜ್ ಪಾತ್ರ. ಮೊದಲ ಸಲ ಅನಾಥವಾಗಿ ಬಿದ್ದಿದ್ದ ಎಷ್ಟೋ ಸಂಗತಿಗೆ ವಾರಸುದಾರ ನೀವೇ ಅಂತ ಗೊತ್ತಾಗುತ್ತೆ. ಮೊದಲ ಸಲಕ್ಕೇ ಅದನ್ನ ಹಿಡೀಬೇಡಿ, ಹೋಲಿಸೋಕೆ ಏನೂ ಇರಲ್ಲ. ಆನರ್ ಮೋಡ್ ಕಥೆಗೋಸ್ಕರ ಆಡೋರಿಗಲ್ಲ. ಸೇವ್ ಒಂದೇ, ತಂಡ ಪೂರ್ತಿ ಸತ್ರೆ ಆನರ್ ಹೋಯ್ತು.

ಶ್ರೀನಿವಾಸಪುರ_ಮಲ್ಲಿಕಾ

ಎಲ್ಲರೂ ಇಷ್ಟು ಬಿಡಿಸಿ ಹೇಳ್ತಿದ್ದೀರಲ್ಲ, ಒಂದು ಅಡ್ಡ ಪ್ರಶ್ನೆ. ಕನ್ನಡದಲ್ಲೇ ಒಂದು ಸಣ್ಣ ಆಯ್ಕೆ ಕಥೆ ಮಾಡೋ ಆಸೆ. ಕೋಲಾರದ ಗಣಿ ಮುಚ್ಚಿದ 2001ರ ಹೊತ್ತಿನದ್ದು, ಒಂದು ಕುಟುಂಬ ಊರು ಬಿಡಬೇಕಾ ಇರಬೇಕಾ ಅನ್ನೋದು. ಎಂಟು ಆಯ್ಕೆ ಇಟ್ರೆ ಎಷ್ಟು ಬರೀಬೇಕಾಗುತ್ತೆ? ಯಾವ ಸಾಫ್ಟ್‌ವೇರ್?

ಚಿಂತಾಮಣಿ_ಸೇವ್‌ಫೈಲ್

ಟ್ವೈನ್ ಸಾಕು. ಬಿಟ್ಟಿ, ಬ್ರೌಸರಲ್ಲೇ ನಡೆಯುತ್ತೆ, ಹಾಗಾಗಿ ಕನ್ನಡದ ಒತ್ತಕ್ಷರ ತಾನಾಗೇ ಸರಿಯಾಗಿ ಕೂರುತ್ತೆ. ಯೂನಿಟಿ ಅನ್ನೋ ಗೇಮ್ ಎಂಜಿನ್‌ನ ಟೆಕ್ಸ್ಟ್‌ಮೆಶ್ ಪ್ರೋ ಹಿಡಿದ್ರೆ ಒತ್ತು ಒಡೆದು ಪಕ್ಕಕ್ಕೆ ಬೀಳುತ್ತೆ, ಅದು ಕನ್ನಡದಂಥ ಲಿಪಿಗೆ ಬೇಕಾದ ಜೋಡಣೆ ಮಾಡಲ್ಲ. ಮುಂದೆ ಚಿತ್ರ ಗಿತ್ರ ಬೇಕಾದ್ರೆ ಗೊಡೊ 4 ಎಂಜಿನ್ ನೋಡಿ, ಅದರಲ್ಲಿ ಒತ್ತು ಸರಿಯಾಗಿ ಜೋಡಿಸೋ ಹಾರ್ಫ್‌ಬಜ಼್ ಇದೆ.

ಬರವಣಿಗೆ ಲೆಕ್ಕ. ಎಂಟು ಆಯ್ಕೆ, ಒಂದೊಂದಕ್ಕೆ ಎರಡು ಕವಲು, ಎಲ್ಲೂ ಸೇರಿಸದೆ ಬಿಟ್ರೆ 255 ದೃಶ್ಯ, 256 ಕೊನೆ, ಒಟ್ಟು 511. ದೃಶ್ಯಕ್ಕೆ 150 ಪದ ಹಿಡಿದ್ರೂ 76,650 ಪದ. ಆಡೋನು ಅದರಲ್ಲಿ ಒಂಬತ್ತು ದೃಶ್ಯ ಮಾತ್ರ ಓದಿ ಎದ್ದು ಹೋಗ್ತಾನೆ. ಬದಲಿಗೆ ಪ್ರತಿ ಆಯ್ಕೆ ಆದ ಮೇಲೆ ಎರಡು ಕವಲೂ ಮುಂದಿನ ದೃಶ್ಯದಲ್ಲಿ ಸೇರಲಿ. ಎಂಟು ಮುಖ್ಯ ದೃಶ್ಯ, ಹದಿನಾರು ಕವಲು, ನಾಲ್ಕು ಕೊನೆ: 28 ದೃಶ್ಯ, 4,200 ಪದ. ಮುಗಿಸೋಕಾಗುವ ಕೆಲಸ.

ಸೇರಿಸಿದ್ರೆ ಮೋಸ ಅನ್ನಿಸದೇ ಇರೋಕೆ ವೇರಿಯಬಲ್ ಇಡಿ. ಅಪ್ಪನ ಮೇಲಿನ ನಂಬಿಕೆ ಅಂತ ಒಂದು, ಕೈಲಿರೋ ದುಡ್ಡು ಅಂತ ಒಂದು. ಮುಖ್ಯ ದೃಶ್ಯದಲ್ಲಿ ಒಂದೋ ಎರಡೋ ಸಾಲು ಆ ಲೆಕ್ಕಕ್ಕೆ ತಕ್ಕಂತೆ ಬದಲಾಗಲಿ. ಮೂರಕ್ಕಿಂತ ಜಾಸ್ತಿ ವೇರಿಯಬಲ್ ಬೇಡ, ಪರೀಕ್ಷೆ ಮಾಡೋಕೇ ಆಗಲ್ಲ.

ಮತ್ತೆ ಆಡಿಸೋ ಉಪಾಯವೂ ಇದೆ. ಕಥೆಯ ಫಾರ್ಮ್ಯಾಟ್ ಶುಗರ್‌ಕ್ಯೂಬ್ ಆರಿಸ್ಕೊಳ್ಳಿ. ಅದರಲ್ಲಿ ಮೆಮೊರೈಜ಼್, ರಿಕಾಲ್ ಅಂತ ಎರಡು ಫಂಕ್ಷನ್ ಇದೆ, ಅದರೊಳಗಿಟ್ಟ ವಿಷಯ ಆಟ ಮೊದಲಿಂದ ಶುರು ಮಾಡಿದ್ರೂ ಉಳಿದಿರುತ್ತೆ. ಮೊದಲ ಸಲ ಊರು ಬಿಟ್ಟವರಿಗೆ ಎರಡನೇ ಸಲ ಅಜ್ಜಿ ಬೇರೆ ಥರ ಮಾತಾಡಲಿ. ಅಂಡರ್‌ಟೇಲ್ (2015) ಮಾಡೋದೂ ಇದನ್ನೇ: ಎಲ್ಲರನ್ನೂ ಕೊಂದ ದಾರಿ ಒಮ್ಮೆ ಮುಗಿಸಿದ್ರೆ, ಆಮೇಲೆ ಎಷ್ಟು ಸಾಧುವಾಗಿ ಆಡಿದ್ರೂ ಒಳ್ಳೆ ಕೊನೆಯಲ್ಲಿ ಆ ಕಲೆ ಉಳಿಯುತ್ತೆ. ಬ್ರೌಸರ್ ಡೇಟಾ ಅಳಿಸಿದ್ರೆ, ಇಲ್ಲ ಇನ್‌ಕಾಗ್ನಿಟೋದಲ್ಲಿ ಆಡಿದ್ರೆ ಮಾತ್ರ ನಿಮ್ಮದು ಮರೆತುಹೋಗುತ್ತೆ, ಅದಕ್ಕೆ ತಯಾರಿರಿ.

ಶ್ರೀನಿವಾಸಪುರ_ಮಲ್ಲಿಕಾ

ತುಂಬಾ ಥ್ಯಾಂಕ್ಸ್ ಸಾರ್. ಅಕ್ಷರ ಒಂದೊಂದಾಗಿ ಟೈಪ್ ಆದಂಗೆ ಬರೋ ಎಫೆಕ್ಟ್ ಹಾಕಬಹುದಾ?

ಚಿಂತಾಮಣಿ_ಸೇವ್‌ಫೈಲ್

ಬೇಡ. ಅದು ಯೂನಿಕೋಡ್ ತುಣುಕಿನ ಲೆಕ್ಕದಲ್ಲಿ ಬಿಡುತ್ತೆ, "ಕ್ಷ" ಬರೋ ಮುಂಚೆ "ಕ" ಬರುತ್ತೆ, ಆಮೇಲೆ "ಕ್", ಆಮೇಲೆ ಒತ್ತು. ಕಣ್ಣಿಗೆ ಕುಣಿದಂಗಿರುತ್ತೆ. ಬೇಕೇ ಬೇಕು ಅಂದ್ರೆ ಪದಕ್ಕೆ ಪದ ಬಿಡಿ. ಫಾಂಟ್ ನೋಟೋ ಸಾನ್ಸ್ ಕನ್ನಡ, ಸಾಲಿನ ಎತ್ತರ 1.7 ಇಡಿ, ಇಲ್ಲಾಂದ್ರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಗುಲುತ್ತೆ.

ಮಾಲೂರು_ಹೆಂಚು

ಮಲ್ಲಿಕಾ, ಅದಕ್ಕೆ ಮುಂಚೆ ವೆನ್ಬಾ (2023) ಒಂದ್ಸಲ ಆಡಿ. ಕೆನಡಾಕ್ಕೆ ಹೋದ ತಮಿಳು ಕುಟುಂಬದ ಕಥೆ, ಒಂದೂವರೆ ಗಂಟೆ ಒಳಗೆ ಮುಗಿಯುತ್ತೆ, ಮೊದಲ ಅಡುಗೆಯೇ ಇಡ್ಲಿ. ಕ್ಯಾತ್ಸಂದ್ರದೋರು ತಟ್ಟೆ ಚಿಕ್ಕದಾಯ್ತು ಅಂತ ಜಗಳ ತೆಗೀಬಹುದು. ಕಥೆಯ ಆಯ್ಕೆ ಅದರಲ್ಲಿ ಕಮ್ಮಿ, ಆದ್ರೆ ಒಂದು ಮನೆ, ನಾಲ್ಕು ಪಾತ್ರೆ ಇಟ್ಕೊಂಡು ಇಷ್ಟು ವರ್ಷ ಹೇಗೆ ದಾಟಿಸ್ತಾರೆ ಅಂತ ನೋಡ್ಕೊಳ್ಳಿ.

ಗುಬ್ಬಿ_ಕಂಪ್ನಿ

ಮತ್ತೆ ಅದನ್ನ ಮುಗಿಸಿ ರಿಫಂಡ್ ಒತ್ತಬೇಡಿ. ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಮ್ಮಿ ಆಡಿದ್ರೆ ದುಡ್ಡು ವಾಪಸ್ ಬರುತ್ತೆ ನಿಜ. ಆ ನಿಯಮದಿಂದ ಹೊಡೆತ ಬೀಳೋದು ಇಂಥ ಚಿಕ್ಕ ಕಥೆ ಮಾಡೋರಿಗೇ. ಎರಡನೇ ಸಲ ಆಡಿಸದ ಗೇಮ್‌ಗೆ ಪೂರ್ತಿ ಬೆಲೆ ಕೊಡಲ್ಲ ಅನ್ನೋ ಹೆಂಚಿನ ವಾದ ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂದ್ರೆ ಇಲ್ಲಿಗೆ.

ಮಾಲೂರು_ಹೆಂಚು

ಪೂರ್ತಿ ಬೆಲೆ ಕೊಡಲ್ಲ ಅಂತ ನಾನು ಯಾವಾಗ ಅಂದೆ ಸಾರ್? ಎರಡನೇ ಸಲ ಅನ್ನೋದು ಇಲ್ಲ ಅಂದೆ. ಐವತ್ತು ಗಂಟೆ ಕುದುರೆ ಓಡಿಸೋ ಗೇಮ್‌ಗೆ ಆ ಮಾತು ಹೇಳಿದ್ದು, ಒಂದೂವರೆ ಗಂಟೆದಕ್ಕಲ್ಲ.

ಕ್ಯಾತ್ಸಂದ್ರ_ಟೋಲ್, ತುಮಕೂರು

ಇಬ್ರೂ ಸ್ವಲ್ಪ ತಡೀರಿ. ಅಲನ್ ವೇಕ್ 2 (2023) ಆಡಿರೋರು ಯಾರಾದ್ರೂ ಇದ್ರೆ ಬರೀರಿ. ಅದೇ ವರ್ಷ ಡಿಸೆಂಬರಲ್ಲಿ ಬಂದ ಫೈನಲ್ ಡ್ರಾಫ್ಟ್ ಮೋಡ್‌ನಲ್ಲಿ ಎರಡನೇ ಸಲದ ಆಟವೇ ಕಥೆಯ ಮುಂದುವರಿಕೆ: ಹೊಸ ಹಸ್ತಪ್ರತಿ ಹಾಳೆ, ಬದಲಾದ ಕೊನೆ. ಆದ್ರೆ ಮಿಕ್ಕ ಭಾಗ ಪೂರ್ತಿ ಮತ್ತೆ ಆಡ್ಬೇಕು. ಹೆಂಚು ಹೇಳೋ ಕುದುರೆ ಲೆಕ್ಕಕ್ಕೆ ಅದು ಸೇರುತ್ತಾ, ಗೂಡು ಹೇಳೋ ಡಿಸ್ಕೋ ಲೆಕ್ಕಕ್ಕೆ ಸೇರುತ್ತಾ?